ಮೀನಿನ ಉದ್ದ ನೋಡಿ ವಯಸ್ಸು ಹೇಳಬಹುದಾ?

ಕಡಲಹಕ್ಕಿ: ಆರೆಂಜ್ ರಫಿ ಮೀನು ನೂರು ವರ್ಷ ದಾಟಿಯೂ ಬದುಕುತ್ತದಂತೆ. ನೋಡಿದರೆ ಬರೀ 40 ಸೆಂ.ಮೀ. ಆಸುಪಾಸು! ಉದ್ದದಿಂದ ವಯಸ್ಸು ಲೆಕ್ಕ ಹಾಕುವ ವಾನ್ ಬರ್ಟಲನ್ಫಿ ಸೂತ್ರ ಇದೆಯಲ್ಲ, ಅದು ಇಲ್ಲಿ ನಡೆಯಲ್ವಾ?

ಗೆರೆಎಣಿಕೆ: ಮರಿಗಳಿಗೆ ನಡೆಯುತ್ತದೆ, ದೊಡ್ಡವಕ್ಕೆ ಇಲ್ಲ. ರಫಿ ಪ್ರಾಯಕ್ಕೆ ಬರುವುದೇ ಸುಮಾರು 30 ವರ್ಷಕ್ಕೆ. ಆಮೇಲೆ ಮೈ ಬೆಳೆಯುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಹಾಗಾಗಿ ಒಂದೇ ಉದ್ದದ ಎರಡು ಮೀನುಗಳಲ್ಲಿ ಒಂದು 40 ವರ್ಷದ್ದು, ಇನ್ನೊಂದು 90 ವರ್ಷದ್ದು ಇರಬಹುದು. ಆದರೆ ಕಿವಿಯೊಳಗಿನ ಕಲ್ಲು ಮಾತ್ರ ಬೆಳೆಯುತ್ತಲೇ ಇರುತ್ತದೆ, ಅದೂ ಅಗಲಕ್ಕಲ್ಲ, ದಪ್ಪಕ್ಕೆ. ಮರದ ಉಂಗುರಗಳ ಹಾಗೆ ಕಲ್ಲಿನಲ್ಲಿ ಮೂಡುವ ಗೆರೆಗಳನ್ನು ಮೇಲ್ಮೈ ನೋಡಿ ಎಣಿಸಿದರೆ ವಯಸ್ಸು ತುಂಬಾ ಕಡಿಮೆ ಬರುವುದು ಅದಕ್ಕೇ. ತೆಳ್ಳಗೆ ಕತ್ತರಿಸಿ, ಉಜ್ಜಿ, ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಮೊದಲ ಗೆರೆಗಳು ಅಗಲವಾಗಿ ಬಿಡಿಬಿಡಿಯಾಗಿರುತ್ತವೆ, ಪ್ರಾಯ ಬಂದ ಜಾಗ ದಾಟಿದ ಮೇಲೆ ಒಂದಕ್ಕೊಂದು ಅಂಟಿಕೊಂಡಂತೆ ಒತ್ತೊತ್ತಾಗುತ್ತವೆ, ಎಣಿಸುವವರ ಕಣ್ಣು ಸೋಲುವುದು ಅಲ್ಲೇ. ಮೀನಿನ ಉದ್ದ ಎಷ್ಟು ಅಂತ ಎಣಿಸುವವರಿಗೆ ಹೇಳಬಾರದು, ಹೇಳಿದರೆ ಎಣಿಕೆ ಆ ಕಡೆಗೇ ವಾಲುತ್ತದೆ.

ಕಡಲಹಕ್ಕಿ: ವರ್ಷಕ್ಕೊಂದೇ ಗೆರೆ ಅಂತ ಏನು ಗ್ಯಾರಂಟಿ? ಸಾವಿರ ಮೀಟರ್ ಆಳದಲ್ಲಿ ಬೇಸಿಗೆ ಏನು, ಚಳಿ ಏನು?

ಸೀಸದಕಡ್ಡಿ: ಜಗಳ ನಡೆದಿದ್ದೇ ಇದರ ಮೇಲೆ. ಗೆರೆ ಮುಟ್ಟದೆಯೇ ವಯಸ್ಸು ಹೇಳುವ ದಾರಿ ಬೇಕಾಯಿತು. ಮೀನು ಮರಿಯಾಗಿದ್ದಾಗ ಕಲ್ಲಿನ ನಡುಭಾಗಕ್ಕೆ ಸೇರಿದ ರೇಡಿಯಂ-226 ಒಡೆಯುತ್ತಾ ಕೊನೆಗೆ ಸೀಸ-210 ಆಗುತ್ತದೆ. ಸೀಸ-210ರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಒಡೆದುಹೋಗಲು ಬೇಕಾದ ಕಾಲ, ಸುಮಾರು 22 ವರ್ಷ. ಅಂದರೆ ಸುಮಾರು ನೂರು ವರ್ಷದವರೆಗೆ ಎರಡರ ಅನುಪಾತವೇ ಗಡಿಯಾರ. ಆ ಲೆಕ್ಕವೂ ನೂರರ ಹತ್ತಿರವೇ ಬಂತು.

ಬಲೆಗಣಿತ: ಇದು ಸುಮ್ನೆ ಕುತೂಹಲದ ವಿಷಯ ಅಲ್ಲ. ಸಾವಿನ ದರ ನಿಂತಿರುವುದೇ ವಯಸ್ಸಿನ ಮೇಲೆ. ಆಯುಷ್ಯ 25 ವರ್ಷ ಅಂದುಕೊಂಡರೆ ಸಹಜ ಸಾವಿನ ದರ 0.17ರ ಸುತ್ತ ಬರುತ್ತದೆ, ಹಿಡಿಯುವುದಕ್ಕೂ ಅದೇ ಲೆಕ್ಕದಲ್ಲಿ ಜಾಸ್ತಿ ಸಿಗುತ್ತದೆ ಅನಿಸುತ್ತದೆ. ನ್ಯೂಜಿಲೆಂಡಿನವರು ರಫಿಗೆ ಬಳಸಿರುವುದು 0.045, ಅಂದರೆ ವರ್ಷಕ್ಕೆ ನೂರರಲ್ಲಿ ನಾಲ್ಕೈದು ಮೀನು ತಾವಾಗಿ ಸಾಯುತ್ತವೆ, ಅಷ್ಟೇ. ಅಲ್ಲಿ 1980ರ ದಶಕದಲ್ಲಿ ಬೇಕಾಬಿಟ್ಟಿ ಹಿಡಿದರು. ಸಮುದ್ರದಡಿಯ ಚಾಲೆಂಜರ್ ಪ್ರಸ್ಥಭೂಮಿಯ ರಫಿ ಮೀನುಗಾರಿಕೆಯನ್ನು 2000ದಲ್ಲಿ ಮುಚ್ಚಲೇಬೇಕಾಯಿತು. ಮತ್ತೆ ತೆರೆದದ್ದು 2010ರಲ್ಲಿ.

ಕಡಲಹಕ್ಕಿ: ಹಾಗಾದರೆ ಹಿಡಿದ ಮೀನುಗಳಲ್ಲಿ ಯಾವ ವಯಸ್ಸಿನವು ಎಷ್ಟಿವೆ ಅಂತ ಗ್ರಾಫ್ ಹಾಕಿ, ಅದರ ಇಳಿಜಾರಿನಿಂದ ಒಟ್ಟು ಸಾವಿನ ದರ (ತಾವಾಗಿ ಸತ್ತದ್ದು, ಹಿಡಿದದ್ದು ಎರಡೂ ಸೇರಿ) ತೆಗೆಯಬಹುದು ಅಲ್ವಾ?

ಬಲೆಗಣಿತ: ತೆಗೆಯಬಹುದು, ಆದರೆ ಎಡಗಡೆಯ ಏರು ಬಿಟ್ಟುಬಿಡಿ, ಆ ಮರಿಗಳು ಬಲೆಗೆ ಸರಿಯಾಗಿ ಸಿಕ್ಕೇ ಇರುವುದಿಲ್ಲ. ಪ್ರತಿ ವರ್ಷ ಒಂದೇ ಸಮ ಮರಿ ಬರುತ್ತವೆ ಅಂತಲೂ ಆ ಲೆಕ್ಕ ನಂಬಿಕೊಂಡಿದೆ. ರಫಿಯಲ್ಲಿ ಹಾಗೆ ನಂಬಲು ನನಗಂತೂ ಧೈರ್ಯ ಇಲ್ಲ.