ಅಪ್‌ಡೇಟ್: ಪರಿಸರ ಶಿಕ್ಷಕರ ತರಬೇತಿ ಮುಗಿಸಿ ಬಂದೆ

ಶಾಲೆಯ ಇಕೋ ಕ್ಲಬ್ ನನ್ನ ಹೆಗಲಿಗೆ ಬಿದ್ದಿದೆ, ಬಿ.ಎಡ್.ನಲ್ಲಿ ಇದನ್ನೆಲ್ಲ ಹೇಳಿಕೊಟ್ಟಿಲ್ಲ, ಯಾವ ಕೋರ್ಸ್ ಮಾಡಲಿ ಅಂತ ಬೇಸಿಗೆ ರಜೆಯಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಮೊದಲು ವಿಚಾರಿಸಿದ ಕಡೆ ಬರೀ ಪಿಪಿಟಿ, ಕೊನೆಗೊಂದು ಸರ್ಟಿಫಿಕೇಟ್. ಫೀಸ್ ಮಾತ್ರ ಜೋರು. ಬಿಟ್ಟೆ. ಆಮೇಲೆ ಸೇರಿದ್ದು ಪೂರ್ತಿ ಬಯಲಲ್ಲೇ ನಡೆಯುವ ಸಣ್ಣ ತರಬೇತಿಗೆ.

ಅಲ್ಲಿ ನಮ್ಮನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿ ಕೈಗೊಂದು ಎಲೆ ಕೊಟ್ಟರು. ಎಲೆ ತುಂಬಾ ಗುಳ್ಳೆ. ಇದೇನು ಸರ್ ಅಂದರೆ ಹೇಳಲೇ ಇಲ್ಲ. "ಮುಟ್ಟಿ ನೋಡಿ ಮೇಡಂ. ಹಿಂದೆ ಮುಂದೆ ತಿರುಗಿಸಿ. ಪಕ್ಕದ ಮರದಲ್ಲೂ ಇದೆಯಾ?" ತುಂಬಾ ಹೊತ್ತು ಹುಡುಕಾಡಿದ ಮೇಲೆ ಗುಟ್ಟು ಬಿಟ್ಟುಕೊಟ್ಟರು: ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಎಲೆಯಿಂದಲೇ ಕಟ್ಟಿಸಿಕೊಂಡ ಮನೆ ಅದು! ಹೆಸರು ಮೊದಲೇ ಹೇಳಿಬಿಟ್ಟರೆ ಮಕ್ಕಳು ನೋಡುವುದನ್ನೇ ನಿಲ್ಲಿಸುತ್ತಾರೆ, ಅಲ್ವಾ? ನನಗೆ ಬೇಕಿದ್ದದ್ದು ಈ ಪ್ರಶ್ನೆ ಕೇಳುವ ಕಲೆ. ಓಝೋನ್ ಪದರದ ಚಾರ್ಟು ಹೇಗೂ ಗೋಡೆ ಮೇಲಿದೆ.

ದುಡ್ಡು, ರಜೆ ಎರಡೂ ಇಲ್ಲದವರು ಜನರೇ ಮರಗಳನ್ನು ಗಮನಿಸಿ ದಾಖಲಿಸುವ ಯೋಜನೆಯಾದ ಸೀಸನ್‌ವಾಚ್‌ನಿಂದ ಶುರು ಮಾಡಿ. ವಾರಕ್ಕೊಮ್ಮೆ ಒಂದೇ ಮರವನ್ನು ನೋಡಿ ಚಿಗುರು, ಹೂ, ಕಾಯಿ ಎಷ್ಟಿದೆ ಅಂತ ಬರೆದರೆ ಆಯಿತು. ಹಕ್ಕಿಗಳಿಗೆ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರ ಅರ್ಲಿ ಬರ್ಡ್ ಅನ್ನೋ ಮಕ್ಕಳ ಕಾರ್ಯಕ್ರಮ ಇದೆ, ಕನ್ನಡದಲ್ಲೂ ಸಾಮಗ್ರಿ ಸಿಗುತ್ತದೆ. ಹಲವರು ಹೇಳಿದ ಸಿಇಇ (ಸೆಂಟರ್ ಫಾರ್ ಎನ್ವಿರಾನ್ಮೆಂಟ್ ಎಜುಕೇಶನ್, ಪರಿಸರ ಶಿಕ್ಷಣ ಸಂಸ್ಥೆ), ಅದೇ 1984ರಲ್ಲಿ ಅಹಮದಾಬಾದಿನಲ್ಲಿ ಶುರುವಾದದ್ದು, ಅವರ ತರಬೇತಿಗೆ ದಸರಾ ರಜೆಯಲ್ಲಿ ನೋಡಬೇಕು. ಬೆಂಗಳೂರಲ್ಲಿ ಅದಕ್ಕೆ ಹೋಗಿಬಂದವರು ಇದ್ದರೆ ತಿಳಿಸಿ.