‘ನಂಜಿನ ಗಿಡ’ ಅಂತ ಬೋರ್ಡು ಬರೆಸಬಹುದಾ?

ನಮಸ್ಕಾರ. ನಮ್ಮ ಬೇಲಿಯುದ್ದಕ್ಕೂ ಕಣಗಿಲೆ ಇದೆ, ಗೇಟಿನ ಪಕ್ಕ ಹಳದಿ ಕಣಗಿಲೆ. ಮೊನ್ನೆ ಬಾಡಿಗೆಯವರ ಮಗು ಅದರ ಕಾಯಿ ಆರಿಸಿಕೊಂಡು ಆಡುತ್ತಿದ್ದದ್ದು ನೋಡಿ ಎದೆ ಝಲ್ ಅಂದಿತು. ಅಮ್ಮ ನೆಟ್ಟ ಗಿಡ, ಕಡಿಸಲು ಮನಸ್ಸಿಲ್ಲ. ಕಾಯಿ ಎಲ್ಲ ಕೀಳಿಸಿ ಒಂದು ತಗಡಿನ ಬೋರ್ಡು ಹಾಕುತ್ತಿದ್ದೇನೆ. ‘ವಿಷಕಾರಿ ಅಲಂಕಾರಿಕ ಸಸ್ಯ’ ಅಂದರೆ ಸರ್ಕಾರಿ ಸುತ್ತೋಲೆ ಥರ ಇದೆ. ‘ನಂಜಿನ ಗಿಡ’ ಸರೀನಾ? ಬರೆಯುವವನು ನಾಳೆ ಬೆಳಗ್ಗೆಯೇ ಬರುತ್ತಾನೆ.

———

ಇದರಲ್ಲಿ ಕೇಳೋದೇನಿದೆ? ನಂಜೇ. ನಂಜುಂಡ ಅಂದರೆ ನಂಜು ಉಂಡವನು, ನಂಜನಗೂಡು ಅಲ್ಲಿಂದಲೇ ಬಂದದ್ದು, ತಮಿಳಿನಲ್ಲೂ ಅದೇ ಮಾತು. ಮನೆಯಲ್ಲಿ ಇರುವುದನ್ನು ಬಿಟ್ಟು ಸಂಸ್ಕೃತದ ಹತ್ತಿರ ಸಾಲಕ್ಕೆ ಯಾಕೆ ಹೋಗಬೇಕು? ‘ಅಲಂಕಾರಿಕ’ವನ್ನೂ ತೆಗೆಯಿರಿ. ಅದು ಹೂಗಿಡ, ಅಷ್ಟೇ.

———

ಸುಮ್ನೆ ಹಟ. ಇವತ್ತು ನಂಜು ಅಂದರೆ ಗಾಯ ನಂಜಾಗೋದು, ಮುಳ್ಳು ಚುಚ್ಚಿ ನಂಜೇರೋದು. ಬದನೆಕಾಯಿಯೂ ನಂಜು ಅಂತ ಬಾಣಂತಿಗೆ ಕೊಡುವುದಿಲ್ಲ. ಬದನೆಕಾಯಿಗೆ ಹೇಳುವ ಮಾತನ್ನೇ ಕಣಗಿಲೆಗೂ ಹಾಕಿದರೆ ಯಾರು ಹೆದರುತ್ತಾರೆ? ಅದರ ಎಲೆ, ಹೂ, ಬೇರು ಎಲ್ಲವೂ ಎದೆಬಡಿತವನ್ನೇ ಕೆಡಿಸುವಂಥವು. ವಿಷ ಅನ್ನಿ, ಹಳ್ಳಿಯ ಅಜ್ಜಿಗೂ ತಿಳಿಯುತ್ತದೆ.

ಗಿಡದ ಹೆಸರನ್ನೂ ಬರೆಸಿ. ಮಗು ತಿಂದುಬಿಟ್ಟರೆ ಡಾಕ್ಟರು ಮೊದಲು ಕೇಳುವುದು ಅದನ್ನೇ. ಆದರೆ ಅಕ್ಕಪಕ್ಕ ತಮಿಳರು, ಮಲಯಾಳಿಗಳು ಇದ್ದಾರೆ ಅಂತ ‘ಅರಳಿ’ ಎಂದು ಮಾತ್ರ ಹಾಕಬೇಡಿ. ಅವರಿಗೆ ಅದು ಕಣಗಿಲೆ, ನಮಗೆ ಕಟ್ಟೆಯ ಮೇಲಿನ ಅಶ್ವತ್ಥ. 2024ರಲ್ಲಿ ಕೇರಳದ ದೇವಸ್ಥಾನಗಳನ್ನು ನೋಡಿಕೊಳ್ಳುವ ತಿರುವಾಂಕೂರು ದೇವಸ್ವಂ ಬೋರ್ಡು ನೈವೇದ್ಯ, ಪ್ರಸಾದಕ್ಕೆ ಅರಳಿ ಹೂ ಬೇಡ ಅಂದಾಗ, ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ‘ಹಾಗಾದರೆ ಅರಳಿಕಟ್ಟೆ ಸುತ್ತಬಾರದಾ’ ಅಂತ ಕೇಳಿದ್ದರು!

———

ಎಲ್ಲರಿಗೂ ತಿಳಿಯುವುದೊಂದೇ ಅಳತೆಯಾದರೆ ‘ಪಾಯ್ಸನ್’ ಅಂತಲೇ ಬರೆಸಿಬಿಡಿ. ರೈಸು ತಿಂದು, ವಾಟರು ಕುಡಿದು ಬದುಕುತ್ತಿರುವವರಿಗೆ ಅದೇ ಸಾಕು. ಬಳಸದೆ ಬಿಟ್ಟರೆ ನಂಜು ಗಾಯಕ್ಕೂ ಬದನೆಕಾಯಿಗೂ ಇಳಿಯದೆ ಇನ್ನೇನಾಗುತ್ತದೆ?

———

ಜಗಳ ಆಮೇಲೆ ಆಡಿ, ದಯವಿಟ್ಟು. ‘ಕಣಗಿಲೆ: ವಿಷದ ಗಿಡ. ಎಲೆ, ಹೂ, ಕಾಯಿ ಬಾಯಿಗೆ ಹಾಕಬೇಡಿ’ ಅಂತ ಬರೆಸುತ್ತೇನೆ. ನಂಜು ಬಿಟ್ಟದ್ದಕ್ಕೆ ಬೇಜಾರಾಗಬೇಡಿ ಸಾರ್, ಬದನೆಕಾಯಿ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ಸಾಲಿಗೆ ಜಾಗ ಇದೆ. ಸವರಿ ಹಾಕಿದ್ದನ್ನು ಯಾರೋ ಹಸುವಿಗೆ ಎಳೆದುಕೊಂಡು ಹೋಗುತ್ತಾರೆ, ಇಲ್ಲವೇ ಅಲ್ಲೇ ಬೆಂಕಿ ಹಚ್ಚುತ್ತಾರೆ. ಅದರ ಹೊಗೆಯೂ ಒಳ್ಳೆಯದಲ್ಲ. ‘ಸವರಿದ ಸೊಪ್ಪು ದನಕ್ಕೆ ಹಾಕಬೇಡಿ, ಸುಡಬೇಡಿ’ ಅನ್ನಲಾ? ಸೊಪ್ಪು ಅಂದ ತಕ್ಷಣ ತಿನ್ನುವುದು ಅನ್ನಿಸುತ್ತದೆ, ಅಲ್ವಾ? ‘ರೆಂಬೆ’ ಅಂದರೆ ಎಲೆ ಬಿಟ್ಟುಹೋಗುತ್ತದೆ. ರಾತ್ರಿಯೊಳಗೆ ಹೇಳಿ.