ಪಿಕಪ್ಪಿಗೆ ರ‍್ಯಾಕ್, ಟೂಲ್ ಬಾಕ್ಸ್ ನಾವೇ ಕೂರಿಸೋದು: ಫ್ಯಾಬ್ರಿಕೇಟರನ್ನು ಕೇಳಿ

ಪ್ರಶ್ನೆ: ನಮಸ್ಕಾರ ಸರ್. ನನ್ನದು ಪ್ಲಂಬಿಂಗ್ ಕೆಲಸ. ಚಿಕ್ಕ ಪಿಕಪ್ ಇದೆ, ಹಿಂದಿನ ಡೆಕ್ ಒಂದೂವರೆ ಮೀಟರಿಗಿಂತ ಸ್ವಲ್ಪ ಉದ್ದ. ಏಣಿ ಮತ್ತು 3 ಮೀಟರ್ ಪೈಪು ಹಾಕೋಕೆ ಮೇಲೊಂದು ರ‍್ಯಾಕ್, ಕ್ಯಾಬಿನ್ ಬೆನ್ನಿಗೆ ಒಂದು ಟೂಲ್ ಬಾಕ್ಸ್ ನಾನೇ ಮಾಡಿಕೊಳ್ಳೋಣ ಅಂತಿದ್ದೇನೆ. ವೆಲ್ಡಿಂಗ್ ಮಷಿನ್, ಗ್ರೈಂಡರ್, ಡ್ರಿಲ್ ಇವೆ. 40×40 ಸ್ಕ್ವೇರ್ ಪೈಪಿನ ನಾಲ್ಕು ಕಾಲು, ಮೇಲೆ ಚೌಕಟ್ಟು. ಪ್ರತಿ ಕಾಲಿಗೂ ಅಂಗೈ ಅಗಲದ ಪ್ಲೇಟ್ ಬೆಸೆದು ಸೈಡ್ ಗೋಡೆಯ ಮೇಲಂಚಿಗೆ ನಾಲ್ಕು ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಹೊಡೆಯೋದು. ಪೈಪ್ 2 ಎಂಎಂ ಸಾಕಾ, 3 ಎಂಎಂ ಬೇಕಾ? ತೂತು ಹೊಡೆಯದೆ ಆಗುತ್ತೆ ಅಂದ್ರೆ ಇನ್ನೂ ಒಳ್ಳೆಯದು.

ಉತ್ತರ: ಪೈಪಿನ ಚಿಂತೆ ಬಿಡಿ, 2 ಎಂಎಂ ಧಾರಾಳ. 40×40×2 ಪೈಪ್ ಮೀಟರಿಗೆ 2.4 ಕೆಜಿ ಬರುತ್ತದೆ, 3 ಎಂಎಂ ಆದರೆ 3.5 ಕೆಜಿ. ನಿಮ್ಮ ರ‍್ಯಾಕಿಗೆ ಸುಮಾರು 12 ಮೀಟರ್ ಬೇಕು ಅಂದುಕೊಂಡರೂ 3 ಎಂಎಂ ಹಾಕಿದರೆ 13 ಕೆಜಿ ಹೆಚ್ಚು, ಸುಮ್ಮನೆ ತಲೆಯ ಮೇಲೆ ಹೊತ್ತಂತೆ. ಗಾಡಿಯಲ್ಲಿ ಎತ್ತರಕ್ಕೆ ಹೋದ ಒಂದೊಂದು ಕೆಜಿಯೂ ತಿರುವಿನಲ್ಲಿ ಲೆಕ್ಕ ಕೇಳುತ್ತದೆ.

ಚಿಂತೆ ಮಾಡಬೇಕಾದ್ದು ಆ ಅಂಗೈ ಅಗಲದ ಪ್ಲೇಟು ಮತ್ತು ಸ್ಕ್ರೂ ಬಗ್ಗೆ. ನಾನು ನೋಡಿದ ಹಾಳಾದ ರ‍್ಯಾಕ್‌ಗಳಲ್ಲಿ ಪೈಪ್ ಮುರಿದದ್ದು ಬಹಳ ಅಪರೂಪ. ಹರಿದಿರೋದು ಯಾವಾಗಲೂ ಕೆಳಗಿನ ತಗಡು. ಒಂದು ಲೆಕ್ಕ ಹಾಕೋಣ. ರ‍್ಯಾಕು, ಸಾಮಾನು ಸೇರಿ 80 ಕೆಜಿ, ಸೈಡ್ ಗೋಡೆಯಿಂದ 0.6 ಮೀಟರ್ ಎತ್ತರ ಅಂತಿಟ್ಟುಕೊಳ್ಳಿ. ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಸಾಮಾನು ತನ್ನ ತೂಕದ 0.8 ಪಾಲಿನಷ್ಟು ಬಲದಿಂದ ಮುಂದಕ್ಕೆ ನೂಕುತ್ತದೆ. ಸರಕು ಬಿಗಿಯುವವರು ಇಟ್ಟುಕೊಳ್ಳೋ ಲೆಕ್ಕವೇ ಇದು. ಅಂದರೆ 64 ಕೆಜಿ. ಅದು 0.6 ಮೀಟರ್ ಎತ್ತರದಲ್ಲಿ ನೂಕಿದಾಗ ಬುಡದಲ್ಲಿ ಬೀಳುವ ತಿರುಚು (ಬಲ × ಎತ್ತರ) 38.4 ಕೆಜಿ-ಮೀಟರ್. ನಾಲ್ಕು ಬಿಡಿ ಕಾಲಿಗೆ ಹಂಚಿದರೆ ತಲಾ 9.6. ಮೇಲಿನ ಮೂಲೆಗಳು ಗಟ್ಟಿ ಇಲ್ಲದಿದ್ದರೆ ಇದನ್ನು ಪೂರ್ತಿ ತಡೆಯಬೇಕಾದ್ದು ನಿಮ್ಮ ಪ್ಲೇಟೇ. ಅದರಲ್ಲಿ ಸ್ಕ್ರೂ ಸಾಲುಗಳ ನಡುವೆ 60 ಎಂಎಂ ಇದ್ದರೆ ಹಿಂದಿನ ಸಾಲನ್ನು ಮೇಲಕ್ಕೆ ಕೀಳುವ ಬಲ ಹತ್ತಿರ ಹತ್ತಿರ 160 ಕೆಜಿ! ತಗಡಿನ ದಪ್ಪ ಒಂದು ಎಂಎಂ ಆಸುಪಾಸು. ಸ್ಕ್ರೂವಿನ ಒಂದು ಸುತ್ತು ಥ್ರೆಡ್ ಹಿಡಿಯೋಕೂ ಅಷ್ಟು ದಪ್ಪ ಸಾಲದು.

ಈಗ ಅದೇ ಪಕ್ಕದ ಮುಂದಿನ ಕಾಲು, ಹಿಂದಿನ ಕಾಲು ಎರಡನ್ನೂ ಸೈಡ್ ಗೋಡೆಯ ಮೇಲೆ ಮಲಗುವ ಒಂದೇ ಉದ್ದ ಪೈಪಿಗೆ ಬೆಸೆಯಿರಿ. ಕಾಲಿಂದ ಆ ಪೈಪಿಗೆ ಓರೆಯಾಗಿ ಒಂದು ಆಸರೆ ಕೊಡಿ. ಕಾಲುಗಳ ಅಂತರ 1.2 ಮೀಟರ್ ಇದ್ದರೆ ಅದೇ 38.4ನ್ನು 1.2ರಿಂದ ಭಾಗಿಸಿ: ಎರಡೂ ಪಕ್ಕ ಸೇರಿ 32 ಕೆಜಿ, ಒಂದು ಪಾದಕ್ಕೆ 16. ರ‍್ಯಾಕಿನ ಸ್ವಂತ ತೂಕ, ಸಾಮಾನು ಸೇರಿ ಪ್ರತಿ ಪಾದವನ್ನು ಹೇಗೂ 20 ಕೆಜಿ ಕೆಳಗೊತ್ತುತ್ತಿರುತ್ತದೆ. ಹಾಗಾಗಿ ಅಷ್ಟು ಬ್ರೇಕಿಗೂ ಹಿಂದಿನ ಪಾದ ಮೇಲೇಳೋದಿಲ್ಲ. ಪೈಪು ಅದೇ, ತಗಡೂ ಅದೇ.

ಪಕ್ಕಕ್ಕೆ ವಾಲುವುದಕ್ಕೂ ಇದೇ ನ್ಯಾಯ. ಎಡ-ಬಲ ಕಾಲುಗಳ ಮೇಲ್ಮೂಲೆಗೆ ತ್ರಿಕೋನದ ಗಸೆಟ್ ಪ್ಲೇಟ್ ಹಾಕಿ.

ತೂತಿನ ವಿಚಾರ. ಮೊದಲು ಕಂಪನಿಯೇ ಕೊಟ್ಟಿರೋ ಜಾಗ ಹುಡುಕಿ. ಹಲವು ಪಿಕಪ್‌ಗಳ ಸೈಡ್ ಗೋಡೆಯ ಮೇಲೆ ಕಂಬ ಇಳಿಸೋಕೆ ಚೌಕದ ಗುಂಡಿ ಬಿಟ್ಟಿರುತ್ತಾರೆ. ಹಗ್ಗ ಕಟ್ಟುವ ಕೊಂಡಿಗಳ ಬೋಲ್ಟಿನ ಹಿಂದೆ ದಪ್ಪ ತಗಡು ಇರುತ್ತದೆ. ಮೇಲಂಚಿನ ತುಟಿಯನ್ನು ಕೆಳಗಿಂದ ಹಿಡಿಯುವ ಕ್ಲಾಂಪ್ ಕೂಡ ಚೆನ್ನಾಗಿ ನಿಲ್ಲುತ್ತದೆ. ಆದರೆ ಪಕ್ಕಕ್ಕೆ ಮೂರಾದರೂ ಬೇಕು, ಒಳದವಡೆ 5 ಎಂಎಂ ಪಟ್ಟಿಯದಾಗಿರಬೇಕು. ನಿಮ್ಮ ಉದ್ದ ಪೈಪಿಗೆ ಪಕ್ಕಕ್ಕೆ ಮೂರು ಕ್ಲಾಂಪ್ ಕೊಟ್ಟರೆ ಒಂದು ತೂತೂ ಬೇಡ.

ಇನ್ನೊಬ್ಬ ಸದಸ್ಯರು: ಅಣ್ಣಾ, ನಾನು ಕ್ಲಾಂಪೇ ಹಾಕಿರೋದು. ಎಷ್ಟು ಬಿಗಿ ಮಾಡಿದರೂ ಸ್ವಲ್ಪ ದಿನಕ್ಕೆ ಸಡಿಲ. ನಟ್ ಮಾತ್ರ ತಿರುಗಿರಲ್ಲ, ಗುರುತು ಹಾಕಿ ನೋಡಿದ್ದೇನೆ.

ಉತ್ತರ: ಡೆಕ್ ಒಳಗೆ ಪ್ಲಾಸ್ಟಿಕ್ ಲೈನರ್ (ತಗಡಿನ ಮೇಲೆ ಹಾಸುವ ಹೊದಿಕೆ) ಇದೆಯಾ? ಅದರ ಮೇಲೇ ಕ್ಲಾಂಪ್ ಕೂತಿದೆಯಾ?

ಇನ್ನೊಬ್ಬ ಸದಸ್ಯರು: ಹೌದು ಅಣ್ಣಾ, ಎರಡೂ.

ಉತ್ತರ: ಹಾಗಾದರೆ ಉತ್ತರ ನೀವೇ ಹೇಳಿದಿರಿ. ನಟ್ ತಿರುಗಿಲ್ಲ, ಬಿಗಿ ಹೋಗಿದೆ ಅಂದರೆ ನಡುವಿನ ಪದಾರ್ಥ ತೆಳುವಾಗುತ್ತಿದೆ. ಪ್ಲಾಸ್ಟಿಕ್ ಒತ್ತಡದಲ್ಲಿ ನಿಧಾನಕ್ಕೆ ಹರಡಿಕೊಳ್ಳುತ್ತೆ, ಬಿಸಿಲಿಗೆ ಇನ್ನೂ ಬೇಗ. ಕ್ಲಾಂಪ್ ಕೂರುವಷ್ಟು ಜಾಗದಲ್ಲಿ ಲೈನರನ್ನು ಚೌಕವಾಗಿ ಕತ್ತರಿಸಿ ತೆಗೆದು, ದವಡೆ ಲೋಹಕ್ಕೇ ತಾಗುವ ಹಾಗೆ ಮಾಡಿ. ಪೇಂಟ್ ಉಳಿಯಲಿ ಅಂದರೆ ತೆಳ್ಳನೆ ಗಟ್ಟಿ ರಬ್ಬರ್ ಹಾಳೆ ಸಾಕು, ಮೆತ್ತನೆ ಸ್ಪಂಜು ಬೇಡ. ನಟ್ ನೈಲಾಕ್ (ಒಳಗೆ ನೈಲಾನ್ ಬಳೆ ಇರೋದು) ಇರಲಿ. ಸ್ಪ್ರಿಂಗ್ ವಾಷರ್ ಮೇಲೆ ಎಲ್ಲರಿಗೂ ಅಷ್ಟು ನಂಬಿಕೆ ಯಾಕೋ ಕಾಣೆ, ನಡುಗುವ ಗಾಡಿಯಲ್ಲಿ ಅದರ ಉಪಕಾರ ಅಷ್ಟಕ್ಕಷ್ಟೆ.

ಪ್ರಶ್ನೆ ಕೇಳಿದವರು: ರ‍್ಯಾಕ್ ಅರ್ಥ ಆಯ್ತು ಸರ್, ಪ್ಲೇಟ್ ಕೈಬಿಟ್ಟು ಉದ್ದ ಪೈಪೇ ಹಾಕ್ತೀನಿ. ಟೂಲ್ ಬಾಕ್ಸ್? ಸ್ಪ್ಯಾನರು, ರೆಂಚು, ಡೈ ಸೆಟ್ ಎಲ್ಲಾ ಸೇರಿ 60 ಕೆಜಿ ಆಗುತ್ತೆ. ಹಿಂದಿನ ಡೋರ್ ಹತ್ತಿರ ಇಟ್ಟರೆ ಕೈಗೆ ಸುಲಭ ಅಂತ ನಮ್ಮ ಹುಡುಗ ಹೇಳ್ತಾನೆ.

ಉತ್ತರ: ಕೈಗೆ ಸುಲಭ, ಸ್ಟೀರಿಂಗಿಗೆ ಕಷ್ಟ. ಹಿಂದಿನ ಆಕ್ಸಲಿಗಿಂತ ಅರ್ಧ ಮೀಟರ್ ಹಿಂದೆ 60 ಕೆಜಿ ಇಟ್ಟರೆ, ಚಕ್ರಗಳ ನಡುವೆ 2.5 ಮೀಟರ್ ಇರೋ ಗಾಡಿಯಲ್ಲಿ ಮುಂದಿನ ಚಕ್ರಗಳ ಮೇಲಿಂದ 12 ಕೆಜಿ ಕಡಿಮೆಯಾಗುತ್ತದೆ, ಹಿಂದಿನ ಆಕ್ಸಲಿಗೆ 72 ಕೆಜಿ ಬೀಳುತ್ತದೆ. ಅದೇ ಪೆಟ್ಟಿಗೆ ಕ್ಯಾಬಿನ್ ಕಡೆಗೆ, ಆಕ್ಸಲಿಗಿಂತ ಅರ್ಧ ಮೀಟರ್ ಮುಂದಿದ್ದರೆ ಹಿಂದಕ್ಕೆ 48, ಮುಂದಕ್ಕೆ 12. ನಿಮ್ಮ ಮೊದಲ ಯೋಚನೆಯೇ ಸರಿ. ಬ್ರೇಕ್ ಹಾಕಿದಾಗ ಮುಂದೆ ಆತುಕೊಳ್ಳೋಕೆ ಡೆಕ್ಕಿನ ಮುಂಗೋಡೆಯೂ ಸಿಗುತ್ತೆ. ಗಾಡಿಯ ಹೊರೆಯ ಮಿತಿಯಲ್ಲಿ ರ‍್ಯಾಕು, ಪೆಟ್ಟಿಗೆ, ಕೂರುವ ಜನ ಎಲ್ಲರೂ ಲೆಕ್ಕಕ್ಕೆ ಬರ್ತಾರೆ, ಅದನ್ನೂ ನೋಡಿಕೊಳ್ಳಿ.

ಇಲ್ಲಿ ಮಾತ್ರ ಬೋಲ್ಟ್ ಹಾಕಿ, ಕ್ಲಾಂಪ್ ಬೇಡ. ಅಪಘಾತದಲ್ಲಿ ಪೆಟ್ಟಿಗೆ ಹಾರಿದರೆ ಅದರ ಮುಂದಿರೋದು ನಿಮ್ಮ ಬೆನ್ನು. ನಾಲ್ಕು ಎಂ8 ಬೋಲ್ಟ್, ತಲೆಯ ಮೇಲೆ 8.8 ಅಂತ ಗುರುತಿರೋದು. ಕೆಳಗಡೆ ಪ್ರತಿಯೊಂದಕ್ಕೂ 75 ಎಂಎಂ ಚೌಕ, 4 ಎಂಎಂ ದಪ್ಪದ ಪ್ಲೇಟ್. ಅದರ ಮೂಲೆಗಳನ್ನು ಗ್ರೈಂಡರಲ್ಲಿ ಉರುಟು ಮಾಡಿ, ಚೂಪು ಮೂಲೆ ತಗಡನ್ನು ಕೊಯ್ಯುತ್ತೆ. ಪೆಟ್ಟಿಗೆಯ ಒಳಗೆ 24 ಎಂಎಂ ಅಗಲದ ದೊಡ್ಡ ವಾಷರ್.

ಡೆಕ್ಕಿನ ನೆಲ ಏರಿಳಿತದ ತಗಡು ಅಲ್ಲವಾ? ಏರಿನ ಮೇಲೆ ಬೋಲ್ಟ್ ಹಾಕಿ ಬಿಗಿದರೆ ಏರು ಅಪ್ಪಚ್ಚಿಯಾಗುತ್ತೆ, ಬಿಗಿ ನಿಲ್ಲೋದೇ ಇಲ್ಲ. ತಗ್ಗಿನಲ್ಲೇ ತೂತು ಬರಲಿ. ಪೆಟ್ಟಿಗೆ ಏರುಗಳ ಮೇಲೆ ಕೂತಿರುತ್ತದೆ, ತಗ್ಗಿಗೂ ಪೆಟ್ಟಿಗೆಯ ತಳಕ್ಕೂ ನಡುವೆ ಸಂದಿ ಉಳಿಯುತ್ತದೆ. ಆ ಎತ್ತರಕ್ಕೆ ಸರಿಯಾಗಿ ಕತ್ತರಿಸಿದ ಪೈಪ್ ತುಂಡನ್ನು ಬೋಲ್ಟಿಗೆ ತೊಡಿಸಿ. ರ‍್ಯಾಕಿನ ಸ್ಕ್ವೇರ್ ಪೈಪಿನಲ್ಲಿ ಅಡ್ಡ ಬೋಲ್ಟ್ ಹೋಗುವಲ್ಲೂ ಇಂಥ ತುಂಡು ಒಳಗೆ ಬೇಕು, ಇಲ್ಲದಿದ್ದರೆ ಪೈಪ್ ಚಪ್ಪಟೆಯಾಗುತ್ತೆ.

ಬೋಲ್ಟ್ ಹಾಕೋ ಮೊದಲು ಖಾಲಿ ಪೆಟ್ಟಿಗೆ ಇಟ್ಟು ಮುಚ್ಚಳ ಪೂರ್ತಿ ತೆಗೆದು ನೋಡಿ. ಹಿಂದಿನ ಗಾಜಿಗೆ ಬಡಿಯೋದು, ರ‍್ಯಾಕಿನ ಅಡ್ಡಪಟ್ಟಿಗೆ ತಗಲೋದು ಆಗಲೇ ಗೊತ್ತಾಗುತ್ತೆ.

ಸದಸ್ಯೆಯೊಬ್ಬರು: ಸರ್, ನಮ್ಮ ಯಜಮಾನರು ಮಾಡಿಸಿದ ರ‍್ಯಾಕಿನ ಮುಂದಿನ ತುದಿ ಕ್ಯಾಬಿನ್ ಮೇಲೆ ಹೋಗಿ ಅಲ್ಲಿಗೂ ಬೋಲ್ಟ್ ಆಗಿದೆ. ಹಳ್ಳದ ರಸ್ತೆಯಲ್ಲಿ ಕಿರ್ ಕಿರ್ ಶಬ್ದ. ಈಗ ಕ್ಯಾಬಿನ್ ಟಾಪಿನ ಬೋಲ್ಟ್ ಸುತ್ತ ಪೇಂಟ್ ಕೂದಲೆಳೆಯಷ್ಟು ಬಿಟ್ಟಿದೆ. ಬಿಗಿ ಮಾಡಿಸಲಾ?

ಉತ್ತರ: ಬೇಡ ಮೇಡಂ, ಬಿಚ್ಚಿಸಿ. ಚಾಸಿ ಬೇರೆ, ಬಾಡಿ ಬೇರೆ ಇರುವ ಪಿಕಪ್ಪಿನಲ್ಲಿ ಕ್ಯಾಬಿನ್ ಒಂದು, ಡೆಕ್ ಒಂದು, ಎರಡೂ ಬೇರೆ ಬೇರೆಯಾಗಿ ಚಾಸಿಯ ಮೇಲೆ ಕೂತಿರುತ್ತವೆ. ಒಂದು ಚಕ್ರ ಹಳ್ಳಕ್ಕಿಳಿದಾಗ ಚಾಸಿ ತಿರುಚುತ್ತೆ, ಅವೆರಡರ ನಡುವಿನ ಸಂದಿ ಒಂದು ಮೂಲೆಯಲ್ಲಿ ಕಿರಿದಾಗಿ ಇನ್ನೊಂದರಲ್ಲಿ ಅಗಲವಾಗುತ್ತೆ. ನಿಮ್ಮ ರ‍್ಯಾಕ್ ಆ ಚಲನೆಯನ್ನು ತಡೆಯೋಕೆ ಹೋಗಿ ಕ್ಯಾಬಿನ್ ತಗಡನ್ನು ಎಳೆದಾಡುತ್ತಿದೆ. ಆ ಕೂದಲೆಳೆಯ ಪೇಂಟಿನಡಿ ತಗಡು ಬಿರುಕು ಬಿಟ್ಟಿದೆಯಾ ಅಂತ ಪೇಂಟ್ ಕೆರೆದು ನೋಡಿಸಿ. ಮುಂದಿನ ತುದಿ ಕ್ಯಾಬಿನ್ ಮೇಲೆ ಚಾಚಿರಲಿ, ತೊಂದರೆಯಿಲ್ಲ, ಆದರೆ ಮುಟ್ಟಬಾರದು. ಮೂರು ನಾಲ್ಕು ಸೆಂಟಿಮೀಟರ್ ಅಂತರ ಇರಲಿ. ಕ್ಯಾಬಿನ್ನೂ ಡೆಕ್ಕೂ ಒಂದೇ ಮೈಯಾಗಿ ಬರುವ ಗಾಡಿಯಾದರೆ ಈ ಮಾತು ಅನ್ವಯಿಸಲ್ಲ.

ಮತ್ತೊಬ್ಬರು: ಅಲ್ಯುಮಿನಿಯಂ ಪೆಟ್ಟಿಗೆಗೆ ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ತುಕ್ಕಿನ ಕಾಟವೇ ಇಲ್ಲ ಅಲ್ಲವಾ?

ಉತ್ತರ: ಬೋಲ್ಟಿಗಿಲ್ಲ, ಪೆಟ್ಟಿಗೆಗಿದೆ. ಎರಡು ಬೇರೆ ಲೋಹ ತಾಗಿಕೊಂಡು ನಡುವೆ ನೀರು ಸೇರಿದರೆ ಅಲ್ಯುಮಿನಿಯಂ ಸವೆದು ಬಿಳಿ ಪುಡಿ ಏಳುತ್ತೆ. ನೈಲಾನ್ ವಾಷರ್, ತಳಕ್ಕೆ ರಬ್ಬರ್ ಹಾಳೆ ಹಾಕಿ ಬೇರ್ಪಡಿಸಿ.

ಪ್ರಶ್ನೆ ಕೇಳಿದವರು: ತೂತು ಹೊಡೆಯುವಾಗ ಏನು ಜಾಗ್ರತೆ ಸರ್? ತುಕ್ಕು ಹಿಡಿಯುತ್ತೆ ಅನ್ನೋದೇ ಭಯ.

ಉತ್ತರ: ಮೊದಲ ಭಯ ತುಕ್ಕಿನದಲ್ಲ. ಗಾಡಿ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿ. ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪು, ವೈರಿಂಗ್ ಎಲ್ಲಾ ಅಲ್ಲೇ ಓಡಿರುತ್ತೆ. ಡ್ರಿಲ್ ಬಿಟ್ಟಿಗೆ ಮರದ ತುಂಡು ತೊಡಿಸಿ, ತುದಿ ಮಾತ್ರ ಹೊರಗಿರಲಿ, ತಗಡು ದಾಟಿದ ಕೂಡಲೇ ಅದು ನಿಲ್ಲಿಸುತ್ತೆ. 3 ಎಂಎಂ ಬಿಟ್ಟಿನಲ್ಲಿ ಶುರು ಮಾಡಿ, ಆಮೇಲೆ ದೊಡ್ಡದು ಮಾಡಿ.

ತೂತಿನ ಅಂಚನ್ನು ಅರದಿಂದ ತೀಡಿ, ಜಿಂಕ್ ಪ್ರೈಮರ್ ಎರಡು ಕೋಟ್ ಕೊಟ್ಟು, ಪೂರ್ತಿ ಒಣಗಿದ ಮೇಲೆಯೇ ಬೋಲ್ಟ್. ವಾಷರ್ ಅಡಿಗೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಾಕಿ. ವಿನೆಗರ್ ವಾಸನೆ ಬರುವ ಸಾಮಾನ್ಯ ಸಿಲಿಕೋನ್ ಮಾತ್ರ ಬೇಡ, ಒಣಗುವಾಗ ಅದು ಬಿಡುವ ಆಮ್ಲವೇ ಉಕ್ಕಿಗೆ ತುಕ್ಕು ಹಿಡಿಸುತ್ತೆ. ಇನ್ನೊಂದು, ಡ್ರಿಲ್ ಪುಡಿ. ತಗ್ಗುಗಳಲ್ಲಿ ಸೇರಿಕೊಂಡ ಸಣ್ಣ ಸುರುಳಿ ಕಣ್ಣಿಗೆ ಬೀಳೋದಿಲ್ಲ, ಇಬ್ಬನಿ ಬಿದ್ದ ಮರುಬೆಳಗ್ಗೆ ಡೆಕ್ ತುಂಬ ಕಂದು ಚುಕ್ಕೆ ಕಾಣುತ್ತೆ. ಚಿಂದಿ ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ ಆಡಿಸಿದರೆ ಎಲ್ಲಾ ಬರುತ್ತೆ.

ಎಂ8 ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ 25 ನ್ಯೂಟನ್ ಮೀಟರ್ ಆಸುಪಾಸು ಬಿಗಿಯಿರಿ. ಮೊದಲ ವಾರ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ.

ವೆಲ್ಡಿಂಗ್ ಎಲ್ಲಾ ನೆಲದ ಮೇಲೆ ಮುಗಿಸಿ. ಗಾಡಿ ಮೇಲೆ ವೆಲ್ಡಿಂಗ್ ಬೇಡ: ಕೆಳಗೆ ಟ್ಯಾಂಕ್, ಒಳಗೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಜೊತೆಗೆ ತಗಡಿನ ಸತು ಲೇಪನ ಸುಟ್ಟ ಹೊಗೆ ಎದೆಗೆ ಕೆಟ್ಟದ್ದು. ಅಳತೆಗೆ ರಟ್ಟು ಕತ್ತರಿಸಿ ನಮೂನೆ ಮಾಡಿಕೊಳ್ಳಿ, ಎಡ-ಬಲಕ್ಕೆ ಬೇರೆ ಬೇರೆ. ಎರಡೂ ಪಕ್ಕ ಒಂದೇ ಅಂತ ನಂಬಬೇಡಿ.

ಪ್ರಶ್ನೆ ಕೇಳಿದವರು: ಕೊನೆಯದಾಗಿ, ಪೈಪುಗಳನ್ನು ಹಗ್ಗದಲ್ಲಿ ಕಟ್ಟಿದರೆ ಸಾಕಾ?

ಉತ್ತರ: ಮೇಲಿಂದ ಅಡ್ಡ ಕಟ್ಟಿದ ಹಗ್ಗ ಪೈಪನ್ನು ಕೆಳಗೊತ್ತುತ್ತೆ, ಮುಂದೆ ಜಾರೋದನ್ನು ತಡೆಯಲ್ಲ. ಪಿವಿಸಿ ಪೈಪ್ ಪೇಂಟ್ ಮಾಡಿದ ಕಬ್ಬಿಣದ ಮೇಲೆ ಚೆನ್ನಾಗಿ ಜಾರುತ್ತೆ. ರ‍್ಯಾಕಿನ ಮುಂದಿನ ಅಡ್ಡಪಟ್ಟಿಗೆ ಒಂದು ಗೇಣು ಎತ್ತರದ ತಡೆ ಬೆಸೆದುಬಿಡಿ, ಪೈಪ್ ತುದಿ ಅದಕ್ಕೆ ಆತುಕೊಂಡೇ ಇರಲಿ, ಕಟ್ಟೋದು ಆಮೇಲೆ. ಅಡ್ಡಪಟ್ಟಿಗಳ ಮೇಲೆ ರಬ್ಬರ್ ಸುತ್ತಿ. ಹಿಂದೆ ಹೊರಗೆ ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಿ, ಕ್ಯಾಬಿನ್ ಮೇಲೆ ಬ್ರೇಕ್ ಲೈಟ್ ಇದ್ದರೆ ಅದು ಹಿಂದಿನವರಿಗೆ ಕಾಣುತ್ತಾ ಅಂತ ಒಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿ ನೋಡಿ. ಕಾಯಂ ಬದಲಾವಣೆಗೆ ನಿಮ್ಮ ನೋಂದಣಿ ಕಚೇರಿಯ ಒಪ್ಪಿಗೆ ಬೇಕಾ ಅನ್ನೋದನ್ನು ಪೇಂಟ್ ಹೊಡೆಯೋ ಮೊದಲೇ ಕೇಳಿಕೊಂಡು ಬನ್ನಿ.